ಪರದೆಯ ಕಳ್ಳನೂ ರಸ್ತೆಯ ಕಳ್ಳನೂ

ಸೈಕಲ್ ಕದ್ದು ಸಿಕ್ಕಿಬಿದ್ದವನೊಬ್ಬನಿಗಾಗಿ ನಾವು ಕಣ್ಣೀರು ಹಾಕಬಹುದೆ? ಹಾಕಿದರೆ ಆ ಕಣ್ಣೀರಿಗೆ ಏನಾದರೂ ಬೆಲೆಯುಂಟೆ? ಪ್ರಶ್ನೆ ತತ್ತ್ವಶಾಸ್ತ್ರದ ಪಂಡಿತರಿಗೆ ಸೇರಿದ್ದೆಂದು ಕೆಲವರು ಹೇಳಬಹುದು. ನಾನಾದರೋ ಭೌತಶಾಸ್ತ್ರ ಓದಿ, ಕೇಂದ್ರ ಸರಕಾರದ ಕಡತಗಳ ನಡುವೆ ಗುಮಾಸ್ತಗಿರಿ ಮಾಡುತ್ತಿರುವವನು. ಚಲನಚಿತ್ರದ ವ್ಯಾಕರಣವೂ ನನಗೆ ತಿಳಿಯದು. ರಾತ್ರಿ ಊಟವಾದ ಮೇಲೆ, ನಾಲ್ಕು ಜನ ಹೊಗಳಿದ ಪರದೇಶದ ಚಿತ್ರವೊಂದನ್ನು ಹಾಕಿಕೊಂಡು ಕೂರುವುದು ನನ್ನ ಚಟ. ಇಟಾಲಿಯನ್, ಜಪಾನಿ ಯಾವುದೂ ಬರುವುದಿಲ್ಲ. ಆದರೆ ಹೊರನಾಡಿನಲ್ಲಿ ಸಂಸಾರ ಹೂಡಿದ ನಮಗೆ, ಮಾತು ಅರ್ಥವಾಗುವ ಮೊದಲೇ ಮುಖ ಓದುವ ಅಭ್ಯಾಸ ಹೇಗೂ ಆಗಿರುತ್ತದಲ್ಲ! ಮುಂಬಯಿಗೆ ಬಂದ ಮೊದಲ ವರ್ಷ ತರಕಾರಿಯವಳ ಮರಾಠಿಯನ್ನು ನಾವು ಅರ್ಥಮಾಡಿಕೊಂಡದ್ದೂ ಹಾಗೆಯೇ.

ನಾನು ಹೇಳುತ್ತಿರುವುದು ವಿತ್ತೋರಿಯೊ ಡೆ ಸಿಕಾ 1948ರಲ್ಲಿ ತೆಗೆದ ‘ಬೈಸಿಕಲ್ ಥೀವ್ಸ್’ ಚಿತ್ರದ ಮಾತು. 1952ರ ಜನವರಿಯಲ್ಲಿ ನಮ್ಮ ದೇಶದ ಮೊದಲ ಅಂತರರಾಷ್ಟ್ರೀಯ ಚಿತ್ರೋತ್ಸವ ಇದೇ ಮುಂಬಯಿಯಲ್ಲಿ ಆರಂಭವಾದಾಗ ಅದನ್ನೂ ತೋರಿಸಿದ್ದರು. ಮರುವರ್ಷ ಬಂದ ಬಿಮಲ್ ರಾಯ್ ಅವರ ‘ದೋ ಬೀಘಾ ಜಮೀನ್’ ಚಿತ್ರದ ಮೇಲೆ ಅದರ ನೆರಳು ಇರುವುದನ್ನು ಬಲ್ಲವರು ಹೇಳಿದ್ದಾರೆ.

ಕತೆ ಚಿಕ್ಕದು. ಯುದ್ಧ ಮುಗಿದು ಬಡವಾಗಿದ್ದ ರೋಮ್ ನಗರ. ಬಹುಕಾಲದಿಂದ ಕೆಲಸವಿಲ್ಲದ ಆಂಟೋನಿಯೊನಿಗೆ ಗೋಡೆಗಳಿಗೆ ಭಿತ್ತಿಚಿತ್ರ ಅಂಟಿಸುವ ಕೆಲಸ ಸಿಗುತ್ತದೆ, ಆದರೆ ಸೈಕಲ್ ಇರಬೇಕು. ಸೈಕಲ್ ಗಿರವಿಯಲ್ಲಿದೆ. ಹೆಂಡತಿ ಮರಿಯಾ ಮರುಮಾತಾಡದೆ ಹಾಸಿಗೆಯ ಮೇಲಿನ ಚಾದರಗಳನ್ನೆಲ್ಲ ಎಳೆದು, ಒಗೆದು, ಗಿರವಿ ಇಡುತ್ತಾಳೆ. ಆ ಗಂಟನ್ನು ಹೊತ್ತ ನೌಕರ ಅದನ್ನಿಡಲು ಕಪಾಟು ಹತ್ತುತ್ತಾನೆ, ಇನ್ನೂ ಹತ್ತುತ್ತಾನೆ. ಸೂರಿನವರೆಗೂ ಅಂಥವೇ ಗಂಟುಗಳು, ಒಂದೊಂದೂ ಒಂದು ಮನೆಯ ಹಾಸಿಗೆ! ಒಂದು ಮಾತಿಲ್ಲದೆ ಒಂದು ಊರಿನ ಬಡತನವನ್ನು ಹೀಗೆ ತೋರಿಸಿದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ. ಕೆಲಸದ ಮೊದಲ ದಿನವೇ ಸೈಕಲ್ ಕಳವಾಗುತ್ತದೆ. ಅಪ್ಪ, ಚಿಕ್ಕ ಮಗ ಬ್ರೂನೊ ಇಬ್ಬರೂ ಊರೆಲ್ಲ ಅಲೆಯುತ್ತಾರೆ. ಕೊನೆಗೆ ಗತಿಗಾಣದೆ ಆಂಟೋನಿಯೊ ತಾನೇ ಒಂದು ಸೈಕಲನ್ನು ಕದಿಯಲು ಹೋಗಿ, ಮಗನ ಕಣ್ಣೆದುರಿಗೇ ಸಿಕ್ಕಿಬಿದ್ದು ಏಟು ತಿನ್ನುತ್ತಾನೆ.

ಅಮೆರಿಕದಲ್ಲಿ ಈ ಚಿತ್ರಕ್ಕೆ ‘ಸೈಕಲ್ ಕಳ್ಳ’ ಎಂದು ಏಕವಚನದ ಹೆಸರು ಕೊಟ್ಟಿದ್ದರಂತೆ. ಮೂಲ ಇಟಾಲಿಯನ್ ಹೆಸರು ಬಹುವಚನ, ಕಳ್ಳರು. ಈ ‘ರು’ ಪ್ರತ್ಯಯದಲ್ಲಿಯೇ ಎಲ್ಲ ಇದೆ ಎಂದು ನನಗನ್ನಿಸುತ್ತದೆ. ಏಕೆಂದರೆ ನಾವು ಆಂಟೋನಿಯೊನನ್ನು ಸಲೀಸಾಗಿ ಕ್ಷಮಿಸಿಬಿಡುತ್ತೇವೆ. ಮೊದಲಿನ ಕಳ್ಳನನ್ನೋ? ಅವನೂ ಒಂದೇ ಕೋಣೆಯ ಮನೆಯವನು, ತಾಯಿಯಿದ್ದಾಳೆ, ಬೀದಿಯಲ್ಲೇ ಅವನಿಗೆ ಮೂರ್ಛೆ ಬರುತ್ತದೆ. ಅದನ್ನೆಲ್ಲ ಡೆ ಸಿಕಾ ತೋರಿಸಿದ್ದಾನೆ, ಮುಚ್ಚಿಟ್ಟಿಲ್ಲ. ಆದರೂ ಆಗ ನಮ್ಮ ಮನಸ್ಸು ಕರಗುವುದಿಲ್ಲ. ಪೊಲೀಸಿನವನು ಕೋಣೆ ಹುಡುಕಿ, ಸಾಕ್ಷಿಯಿಲ್ಲ, ಮಾಲು ಸಿಕ್ಕಿಲ್ಲ, ಏನೂ ಮಾಡಲಾಗದು ಎಂದಾಗ ನಮಗೆ ಅವನ ಮೇಲೂ ಸಿಟ್ಟು ಬರುತ್ತದೆ. ಯೋಚಿಸಿ ನೋಡಿದರೆ ಆತ ಹೇಳಿದ್ದು ಸರಿ. ಸಾಕ್ಷಿಯಿಲ್ಲದೆ ಯಾರನ್ನೂ ಹಿಡಿಯಬಾರದೆಂಬ ನಿಯಮ ನಾಳೆ ಆಂಟೋನಿಯೊನನ್ನೂ ಕಾಯುವಂಥದು.

ಚಿತ್ರ ಮುಗಿದು ನಾನು ಮೂಗೊರೆಸಿಕೊಳ್ಳುತ್ತಿದ್ದಾಗ ನಮ್ಮ ಮನೆಯಾಕೆ ಕೇಳಿದ್ದು ಒಂದೇ ಮಾತು: “ಆ ಎರಡನೆಯ ಸೈಕಲ್ಲಿನ ಯಜಮಾನನ ಹೆಂಡತಿಯೂ ಚಾದರ ಗಿರವಿ ಇಟ್ಟಿದ್ದರೆ?” ಉತ್ತರ ಹೊಳೆಯಲಿಲ್ಲ. ಅಲ್ಲಿಂದಲೇ ಈ ಲೇಖನದ ತಲೆನೋವು ಹತ್ತಿಕೊಂಡದ್ದು. ಸೈಕಲ್ ನನ್ನದಲ್ಲ, ಹಾಗಿರುವಾಗ ಕ್ಷಮಿಸಲು ನಾನು ಯಾರು? ಕಳೆದುಕೊಂಡವನು ಕ್ಷಮಿಸಿದರೆ ಅದು ಕ್ಷಮೆ. ಏನೂ ಕಳೆದುಕೊಳ್ಳದೆ ನೋಡುತ್ತ ಕುಳಿತವನು ಕ್ಷಮಿಸಿದರೆ ಅದನ್ನು ಏನೆಂದು ಕರೆಯಬೇಕು? ಲೋಕಲ್ ಗಾಡಿಯಲ್ಲಿ ಮೊಬೈಲ್ ಎಗರಿಸಿದ ಹುಡುಗ ಸಿಕ್ಕಿಬಿದ್ದರೆ, ಅವನ ಮನೆಯ ಹಾಸಿಗೆಯ ವಿಚಾರ ಯಾರೂ ಕೇಳುವುದಿಲ್ಲ. ಮೊಬೈಲ್ ಯಾರದೆಂದು ಗೊತ್ತಿಲ್ಲದವರೂ ಕೈ ನೀಡಿ ಒಂದೇಟು ಹಾಕಿಯೇ ಇಳಿಯುತ್ತಾರೆ. ಅವರಲ್ಲಿ ಎಷ್ಟು ಜನ ಅದೇ ರಾತ್ರಿ ಬಡವನ ಪಾಡಿನ ಚಿತ್ರ ನೋಡಿ ಮರುಗುತ್ತಾರೋ!

ಈ ಸಂದೇಹ ಹಳೆಯದು. ಫ್ರೆಂಚ್ ಭಾಷೆಯ ಚಿಂತಕ ರೂಸೋ 1758ರಲ್ಲಿಯೇ ರಂಗಭೂಮಿಯ ಮೇಲೆ ಇಂಥದೇ ಆಪಾದನೆ ಹೊರಿಸಿದ್ದ. ಕಟ್ಟುಕತೆಗೆ ಅತ್ತು ನಮ್ಮ ಮನುಷ್ಯತ್ವದ ಸಾಲವನ್ನೆಲ್ಲ ಅಲ್ಲೇ ತೀರಿಸಿಬಿಡುತ್ತೇವೆ, ಹೊರಗೆ ಬಂದು ಕೊಡಲು ಏನೂ ಉಳಿಯುವುದಿಲ್ಲ ಎಂಬುದು ಅವನ ವಾದದ ತಿರುಳು. ನಮ್ಮ ಅಭಿನವಗುಪ್ತನ ದಾರಿ ಬೇರೆ. ‘ನನ್ನದು, ಪರರದು’ ಎಂಬ ಅಡ್ಡಿ ಕಳಚಿದಾಗಲೇ ಶೋಕ ಕರುಣರಸವಾಗಿ ಸವಿಯಲು ಬರುತ್ತದೆ ಎಂದು ಆತ ಹೇಳುತ್ತಾನೆ. ಒಬ್ಬನಿಗೆ ದೋಷವಾಗಿ ಕಂಡದ್ದೇ ಇನ್ನೊಬ್ಬನಿಗೆ ಆಧಾರವಾಗಿದೆ.

ನನಗೆ ನೆನಪಾಗುವುದು ಬಿ.ಎಸ್‌ಸಿ. ತರಗತಿಯ ಲೆಕ್ಕಗಳು. “ಘರ್ಷಣೆ ಇಲ್ಲವೆಂದು ಭಾವಿಸಿರಿ” ಎಂದು ಪ್ರತಿ ಲೆಕ್ಕದ ತಲೆಯ ಮೇಲೂ ಬರೆದಿರುತ್ತಿತ್ತು. ಘರ್ಷಣೆಯೇ ಇಲ್ಲದ ನೆಲ ಲೋಕದಲ್ಲಿ ಎಲ್ಲಿಯೂ ಇಲ್ಲ. ಹಾಗೆಂದು ಆ ಲೆಕ್ಕದಿಂದ ಹೊರಟ ನಿಯಮ ಸುಳ್ಳಲ್ಲ; ಗೆಲಿಲಿಯೊ ಹಾಗೆ ಭಾವಿಸಿ ನೋಡಿದ್ದರಿಂದಲೇ ಚಲನೆಯ ಗುಟ್ಟು ಬಯಲಾಯಿತು. ಸಿನಿಮಾ ಅಂಥ ಘರ್ಷಣೆಯಿಲ್ಲದ ನೆಲ. ಅಲ್ಲಿ ನಮ್ಮ ಜೇಬಿಗೆ ಕೈ ಬೀಳುವುದಿಲ್ಲ, ಎಂಟೂ ಹದಿನೈದರ ಗಾಡಿ ತಪ್ಪುವುದಿಲ್ಲ. ಆದುದರಿಂದ ಮನುಷ್ಯನ ಕಡೆಗೆ ನಮ್ಮ ಮನಸ್ಸು ಸಹಜವಾಗಿ ಎತ್ತ ಜಾರುತ್ತದೆಂದು ಕಾಣುತ್ತದೆ. ಆ ಕರುಣೆ ಸುಳ್ಳೆಂದು ನಾನು ಒಪ್ಪಲಾರೆ. ಆದರೆ ರಸ್ತೆಗಿಳಿದ ಮೇಲೆ ಘರ್ಷಣೆಯನ್ನು ಮತ್ತೆ ಲೆಕ್ಕಕ್ಕೆ ಸೇರಿಸಬೇಕು. ಪರೀಕ್ಷೆಯಲ್ಲಿ ನಮ್ಮಲ್ಲಿ ಅನೇಕರು ಅಂಕ ಕಳೆದುಕೊಳ್ಳುತ್ತಿದ್ದುದೂ ಅಲ್ಲಿಯೇ.

ಆಂಟೋನಿಯೊನಾಗಿ ನಟಿಸಿದ ಲಾಂಬೆರ್ತೊ ಮಜ್ಜೊರಾನಿ ನಟನಲ್ಲ, ಕಾರ್ಖಾನೆಯ ಕೆಲಸಗಾರ. ಚಿತ್ರ ಮುಗಿಸಿ ಆತ ಕಾರ್ಖಾನೆಗೆ ಮರಳಿದ. ಸ್ವಲ್ಪ ಕಾಲದಲ್ಲೇ ಕೆಲಸ ಹೋಯಿತು. ಜಗತ್ತೆಲ್ಲ ಅವನ ನಿರುದ್ಯೋಗಕ್ಕಾಗಿ ಪರದೆಯ ಮುಂದೆ ಅಳುತ್ತಿದ್ದಾಗ ಅವನು ನಿಜವಾಗಿ ನಿರುದ್ಯೋಗಿಯಾಗಿದ್ದ. ರೂಸೋ ಬದುಕಿದ್ದರೆ ನಗುತ್ತಿದ್ದನೇನೋ.

ಕುರೋಸಾವಾ ಈ ಮಾತನ್ನು ಚಿತ್ರದೊಳಗೇ ತಂದಿದ್ದಾನೆ. 1952ರ ‘ಇಕಿರು’ ನೋಡಿದ ಯಾವ ಸರಕಾರಿ ನೌಕರನೂ ಆ ರಾತ್ರಿ ಸುಖವಾಗಿ ನಿದ್ರಿಸಲಾರ. ಮೂವತ್ತು ವರ್ಷ ಮೊಹರು ಒತ್ತಿದ ವಟನಬೆ ಎಂಬ ಶಾಖಾಧಿಕಾರಿಗೆ ಹೊಟ್ಟೆಯ ಕ್ಯಾನ್ಸರ್ ಎಂದು ತಿಳಿಯುತ್ತದೆ. ಕೊಚ್ಚೆಗುಂಡಿ ಮುಚ್ಚಿಸಿ ಮಕ್ಕಳಿಗೊಂದು ಉದ್ಯಾನ ಮಾಡಿಕೊಡಿ ಎಂದು ಹೆಂಗಸರು ಕೊಟ್ಟು, ಕಿಟಕಿಯಿಂದ ಕಿಟಕಿಗೆ ಅಲೆದ ಅರ್ಜಿಯನ್ನು ಹಿಡಿದು, ಸಾಯುವ ಮೊದಲು ಆತ ಅದನ್ನು ಮಾಡಿಸಿಯೇ ತೀರುತ್ತಾನೆ. ಅವನ ಉತ್ತರಕ್ರಿಯೆಯ ರಾತ್ರಿ ಸಹೋದ್ಯೋಗಿಗಳು ಕುಡಿದು, ಅತ್ತು, ನಾಳೆಯಿಂದ ನಾವೂ ಅವನಂತೆ ಎಂದು ಶಪಥ ಮಾಡುತ್ತಾರೆ. ಮರುದಿನ ಕಚೇರಿಗೆ ಹೊಸ ಅರ್ಜಿ ಬರುತ್ತದೆ. ಹೊಸ ಅಧಿಕಾರಿ ಅದನ್ನು ಬೇರೆ ವಿಭಾಗಕ್ಕೆ ಸಾಗಹಾಕುತ್ತಾನೆ. ಒಬ್ಬ ಗುಮಾಸ್ತ ಮಾತ್ರ ದಡಕ್ಕನೆ ಎದ್ದು ನಿಲ್ಲುತ್ತಾನೆ. ಎಲ್ಲರೂ ನೋಡುತ್ತಾರೆ. ಮೆಲ್ಲಗೆ ಕುಳಿತುಕೊಳ್ಳುತ್ತಾನೆ, ಕಡತದ ರಾಶಿಯ ಹಿಂದೆ ಅವನ ಮುಖ ಮುಳುಗುತ್ತದೆ. ಅವನ ಹೆಸರು ಕಿಮುರಾ. ಅವನ ಶಾಖೆಯಲ್ಲಿ ನನಗೂ ಒಂದು ಕುರ್ಚಿ ಇದೆಯೆಂದು ಅನ್ನಿಸಿತು.

ಚಿತ್ರ ನಮಗೆ ಒಬ್ಬನ ಪಾಡನ್ನು ತಿಳಿಯಲು ಒಂದೂವರೆ ಗಂಟೆ ಕೊಡುತ್ತದೆ, ಪ್ಲಾಟ್‌ಫಾರ್ಮಿನಲ್ಲಿ ಅರ್ಧ ನಿಮಿಷವೂ ಸಿಗುವುದಿಲ್ಲ. ಮೇಜಿನ ಮುಂದೆ ಬಂದು ನಿಂತ ಪಿಂಚಣಿಯ ವಿಧವೆಗೆ ನಾವು ಕೊಡುವುದು ಎಷ್ಟು? ವ್ಯತ್ಯಾಸವೆಲ್ಲ ಸಮಯದ್ದೇ ಎಂದು ನಾನು ಬಹಳ ದಿನ ಸಮಾಧಾನ ಹೇಳಿಕೊಂಡಿದ್ದೆ. ಕತೆ ಗೊತ್ತಿದ್ದವರಿಗಷ್ಟೇ ಕರುಣೆ ತೋರಿದರೆ ಕತೆ ಹೇಳಿಕೊಳ್ಳಲು ಬಾರದವರ ಗತಿಯೇನು, ಅದಕ್ಕೇ ನಿಯಮ ಕಣ್ಣು ಮುಚ್ಚಿಕೊಂಡಿರಬೇಕು ಎಂಬ ವಾದವೂ ನನ್ನಲ್ಲಿ ಸಿದ್ಧವಾಗಿತ್ತು. ಈಗಲೂ ಅದರಲ್ಲಿ ಹುರುಳಿದೆ.

ಆದರೆ ಆ ಎರಡನೆಯ ಸೈಕಲ್ಲಿನ ಯಜಮಾನ ನನ್ನ ವಾದಕ್ಕೆ ಒಗ್ಗುವುದಿಲ್ಲ. ಆತ ಸಿರಿವಂತನೋ ಬಡವನೋ ತಿಳಿಯದು. ಜನ ಹೊಡೆಯುತ್ತಿದ್ದಾರೆ, ಪೊಲೀಸರ ಬಳಿ ಎಳೆದೊಯ್ಯಬೇಕೆಂದು ಕೂಗುತ್ತಿದ್ದಾರೆ. ಚಾದರ ಗಿರವಿ ಇಟ್ಟದ್ದನ್ನು ಅವನು ನೋಡಿಲ್ಲ, ಆಂಟೋನಿಯೊನ ಸೈಕಲ್ ಕಳುವಾದದ್ದೂ ಅವನಿಗೆ ಗೊತ್ತಿಲ್ಲ. ನಾವು ನೋಡಿದ ಒಂದೂವರೆ ಗಂಟೆಯಲ್ಲಿ ಅವನು ಕಂಡದ್ದು ಕೊನೆಯ ಅರ್ಧ ನಿಮಿಷ ಮಾತ್ರ: ಅಪ್ಪನ ಕೆಳಗೆ ಬಿದ್ದ ಟೋಪಿಯನ್ನು ಹಿಡಿದು ಅಳುತ್ತಿರುವ ಒಬ್ಬ ಹುಡುಗ. ಸೈಕಲ್ ಅವನದು. ದೂರು ಬೇಡ, ಬಿಟ್ಟುಬಿಡಿ ಎಂದು ಹೇಳಿ ಹೊರಟುಹೋಗುತ್ತಾನೆ.