ಸಾವಿರ ಮೈಲಿಯ ನಡಿಗೆ

ತನ್ನ ಗುಣವನ್ನು ತಾನೇ ಹೇಳಿಕೊಳ್ಳಬಾರದೆಂಬುದು ಸಜ್ಜನಿಕೆಯ ಮೊದಲ ಪಾಠ. ಆತ್ಮಪ್ರಶಂಸೆ, ಪರನಿಂದೆ ಎಂಬೆರಡನ್ನೂ ನಮ್ಮ ಹಿರಿಯರು ಒಂದೇ ಉಸಿರಿನಲ್ಲಿ ಹೇಳಿ, ಎರಡನ್ನೂ ದೋಷಗಳ ಸಾಲಿನಲ್ಲಿಯೇ ನಿಲ್ಲಿಸಿದರು. ಆದರೆ ಜನರ ಮತವನ್ನು ಬೇಡಲು ಹೊರಟವನು ಈ ಪಾಠವನ್ನು ಅಕ್ಷರಶಃ ಪಾಲಿಸಿದನಾದರೆ ಅವನ ಹೆಸರು ಅವನ ಬೀದಿಯನ್ನೂ ದಾಟಲಾರದು. ಹೆಸರನ್ನೇ ಕೇಳದವನಿಗೆ ಮತ ಕೊಡುವವರಾರು? ಹಾಗಾದರೆ ಲೋಕಸೇವೆಗೆ ಮುಂದಾಗುವ ಸಜ್ಜನನು ಸಜ್ಜನಿಕೆಯ ಈ ಒಂದು ಪಾಠವನ್ನು ಮನೆಯಲ್ಲಿಯೇ ಬಿಟ್ಟು ಹೊರಡಬೇಕೇ?

ಈ ಇಕ್ಕಟ್ಟು ಎಲ್ಲ ಚುನಾವಣೆಗಳಲ್ಲಿಯೂ ಉಂಟು. ಅಮೆರಿಕದ ಪ್ರಾಥಮಿಕ ಚುನಾವಣೆಗಳಲ್ಲಿ ಅದು ಅತ್ಯಂತ ನಿಚ್ಚಳವಾಗಿ ಕಾಣುತ್ತದೆ. ನಮ್ಮಲ್ಲಿ ಪಕ್ಷದ ಟಿಕೆಟನ್ನು ಮೇಲಿನವರು ಹಂಚುತ್ತಾರೆ. ಅಲ್ಲಿ ಪಕ್ಷದ ಉಮೇದುವಾರ ಯಾರೆಂಬುದನ್ನು ಮತದಾರರೇ ಮತ ಹಾಕಿ ನಿರ್ಣಯಿಸುತ್ತಾರೆ. ಇಡೀ ರಾಜ್ಯಕ್ಕೆ ಅನ್ವಯಿಸುವ ಇಂಥ ಕಾನೂನನ್ನು 1903ರಲ್ಲಿ ವಿಸ್ಕಾನ್ಸಿನ್ ರಾಜ್ಯವು ರಾಬರ್ಟ್ ಲಾ ಫಾಲೆಟ್ ಅವರ ನೇತೃತ್ವದಲ್ಲಿ ಮಾಡಿತು. ಮುಚ್ಚಿದ ಕೋಣೆಯಲ್ಲಿ ನಾಲ್ಕು ಮಂದಿ ಮುಖಂಡರು ನಡೆಸುತ್ತಿದ್ದ ವ್ಯವಹಾರವನ್ನು ಬಯಲಿಗೆ ತರುವುದು ಅದರ ಉದ್ದೇಶ. ಉದ್ದೇಶವೇನೋ ಉತ್ತಮವೇ. ಆದರೆ ಎಲ್ಲ ಸ್ಪರ್ಧಿಗಳೂ ಒಂದೇ ಪಕ್ಷದವರಾದಾಗ ಪಕ್ಷದ ಹೆಸರು ಯಾರ ಕೈಯನ್ನೂ ಹಿಡಿಯದು. ಉಳಿಯುವುದು ಮುಖ, ದನಿ, ಹೆಸರು ಇಷ್ಟೇ. ಮುಖಂಡರ ಕೃಪೆಯನ್ನು ಗಳಿಸಬೇಕಾಗಿದ್ದವನು ಈಗ ಜನರ ಕಣ್ಣನ್ನು ಗಳಿಸಬೇಕಾಯಿತು.

ಕಣ್ಣಿಗಿಂತ ಮೊದಲು ಕಿವಿಯನ್ನು ಗಳಿಸಿದವರೊಬ್ಬರಿದ್ದರು. ಟೆಕ್ಸಾಸಿನ ಡಬ್ಲ್ಯೂ. ಲೀ ಓಡ್ಯಾನಿಯಲ್ ಗೋಧಿಹಿಟ್ಟಿನ ವ್ಯಾಪಾರಿ. ಹಿಟ್ಟಿನ ಪ್ರಚಾರಕ್ಕಾಗಿ ರೇಡಿಯೋದಲ್ಲಿ ವಾದ್ಯಮೇಳವನ್ನು ನಡೆಸಿ ಮನೆಮನೆಯ ಪರಿಚಿತರಾಗಿದ್ದ ಅವರು 1938ರಲ್ಲಿ ಅದೇ ಮೇಳದೊಂದಿಗೆ ಗವರ್ನರ್ ಪದವಿಯ ಪ್ರಾಥಮಿಕ ಚುನಾವಣೆಗೆ ನಿಂತರು. ಬೈಬಲಿನ ದಶಾಜ್ಞೆಗಳೇ ತಮ್ಮ ಪ್ರಣಾಳಿಕೆಯೆಂದರು. ವೃದ್ಧರಿಗೆ ತಿಂಗಳಿಗೆ 30 ಡಾಲರ್ ಪಿಂಚಣಿಯೆಂದರು. ಹತ್ತಕ್ಕೂ ಹೆಚ್ಚು ಮಂದಿ ಸ್ಪರ್ಧಿಗಳಿದ್ದರೂ ಮೊದಲ ಸುತ್ತಿನಲ್ಲಿಯೇ ಬಹುಮತ ಅವರದಾಯಿತು. ಮತದಾನದ ತೆರಿಗೆಯನ್ನು ಕಟ್ಟದಿದ್ದ ಕಾರಣ ಅವರಿಗೆ ಸ್ವತಃ ಮತದಾನದ ಹಕ್ಕಿರಲಿಲ್ಲವೆಂಬುದು ಇಲ್ಲಿನ ಸ್ವಾರಸ್ಯ! ಗೆದ್ದ ಮೇಲೆ ಆ ಪಿಂಚಣಿಗೆ ಹಣವೂ ಒದಗಲಿಲ್ಲ.

ಅದೇ ಟೆಕ್ಸಾಸಿನಲ್ಲಿ 1948ರಲ್ಲಿ ಲಿಂಡನ್ ಜಾನ್ಸನ್ ಸೆನೆಟ್ ಸ್ಥಾನಕ್ಕಾಗಿ ಹೆಲಿಕಾಪ್ಟರಿನಲ್ಲಿ ಊರೂರಿಗೆ ಹಾರಿದರು. ಅಂಥ ಯಂತ್ರವನ್ನು ಕಂಡರಿಯದ ಹಳ್ಳಿಗರು ಬಯಲಿಗೆ ಓಡಿ ಬರುತ್ತಿದ್ದರು. ಜಾನ್ಸನ್ ತಮ್ಮ ಟೋಪಿಯನ್ನು ಮೇಲಿನಿಂದ ಜನರತ್ತ ಎಸೆಯುತ್ತಿದ್ದರು. ಅದನ್ನು ಹೆಕ್ಕಿ ತರುವ ಕೆಲಸ ಸಿಬ್ಬಂದಿಯದು. ಇಷ್ಟೆಲ್ಲ ಆದ ಮೇಲೂ ಎರಡನೆಯ ಸುತ್ತಿನಲ್ಲಿ ಅವರು ಗೆದ್ದದ್ದು 87 ಮತಗಳಿಂದ, ಅದೂ ಆಲಿಸ್ ಎಂಬ ಊರಿನ ಒಂದು ಪೆಟ್ಟಿಗೆಯಲ್ಲಿ ತಡವಾಗಿ ಕಾಣಿಸಿಕೊಂಡ ಸುಮಾರು 200 ಸಂಶಯಾಸ್ಪದ ಮತಗಳಿಂದ. ಆಕಾಶದಲ್ಲಿ ನಡೆದ ಆಟ ನಿರುಪದ್ರವಿಯಾದುದು. ನೆಲದ ಮೇಲೆ ನಡೆದದ್ದು ಹಾಗಲ್ಲ.

ಇವುಗಳ ಪಕ್ಕದಲ್ಲಿ ಮತ್ತೊಂದು ಪ್ರಚಾರವನ್ನು ಇಟ್ಟು ನೋಡಬೇಕು. 1970ರಲ್ಲಿ ಫ್ಲಾರಿಡಾ ರಾಜ್ಯದಲ್ಲಿ ಲಾಟನ್ ಚೈಲ್ಸ್ ಎಂಬ ವಕೀಲರು ಸೆನೆಟ್ ಸ್ಥಾನಕ್ಕೆ ಸ್ಪರ್ಧಿಸಿದರು. ರಾಜ್ಯದ ಶಾಸನಸಭೆಯಲ್ಲಿ ಹನ್ನೆರಡು ವರ್ಷ ಕೆಲಸ ಮಾಡಿದ್ದರೂ ತಮ್ಮ ಪ್ರದೇಶದ ಹೊರಗೆ ಅವರ ಹೆಸರನ್ನು ಬಲ್ಲವರು ವಿರಳ. ಪ್ರತಿಸ್ಪರ್ಧಿಗಳಲ್ಲಿ ಒಬ್ಬರಾದ ಫ್ಯಾರಿಸ್ ಬ್ರಯಂಟ್ ಮಾಜಿ ಗವರ್ನರ್. ದೂರದರ್ಶನದ ಜಾಹೀರಾತಿಗೆ ಹಣವಿಲ್ಲದ ಚೈಲ್ಸ್, ರಾಜ್ಯದ ವಾಯವ್ಯ ಮೂಲೆಯ ಸೆಂಚುರಿ ಎಂಬ ಊರಿನಿಂದ ದಕ್ಷಿಣ ತುದಿಯ ದ್ವೀಪಸಾಲಿನವರೆಗೆ ನಡೆದೇ ಹೋಗಲು ನಿಶ್ಚಯಿಸಿದರು. ಸಾವಿರ ಮೈಲಿ, ಎಂದರೆ ಸುಮಾರು 1,600 ಕಿಲೋಮೀಟರು. ಮೂರು ತಿಂಗಳ ಹಾದಿ. ದಾರಿಯಲ್ಲಿ ಸಿಕ್ಕವರೊಂದಿಗೆ ನಿಂತು ಮಾತನಾಡಿದರು. ಪತ್ರಿಕೆಗಳು ಮೊದಲು ಕುತೂಹಲದಿಂದ, ಆಮೇಲೆ ವಿಶ್ವಾಸದಿಂದ ಬರೆದವು. ‘ವಾಕಿನ್ ಲಾಟನ್’ ಎಂಬ ಅಡ್ಡಹೆಸರು ಹುಟ್ಟಿತು. ಪ್ರಾಥಮಿಕ ಚುನಾವಣೆಯ ಮೊದಲ ಸುತ್ತಿನಲ್ಲಿ ಎರಡನೆಯವರಾಗಿದ್ದವರು, ಎರಡನೆಯ ಸುತ್ತಿನಲ್ಲಿ ಬ್ರಯಂಟರನ್ನು ದೊಡ್ಡ ಅಂತರದಿಂದ ಸೋಲಿಸಿ ಆ ವರ್ಷವೇ ಸೆನೆಟಿಗೆ ಆಯ್ಕೆಯಾದರು.

ನಮ್ಮ ವಾಚಕರಿಗೆ ಕಾಲ್ನಡಿಗೆ ಹೊಸತಲ್ಲ. ಆದರೆ ವಿಹಾರದಲ್ಲಿರುವ ಮುನಿಗಳು ಒಂದೂರಿನಲ್ಲಿ ನಿಲ್ಲದಿರುವುದು ನಂಟು ಬೆಳೆಯದಿರಲೆಂದು. ಚೈಲ್ಸ್ ನಡೆದದ್ದು ನಂಟು ಬೆಳೆಯಲೆಂದು. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು. ಚೈಲ್ಸರ ನಡಿಗೆ ಪ್ರಚಾರವೇ ಸರಿ. ಪತ್ರಿಕೆಯವರು ಬರಲಾರರೆಂದು ತಿಳಿದಿದ್ದರೆ ಅವರು ಸಾವಿರ ಮೈಲಿ ನಡೆಯುತ್ತಿದ್ದರೆಂದು ನಾನು ಭಾವಿಸಲಾರೆ. ಹಾಗೆಂದು ಅದನ್ನು ಟೋಪಿ ಎಸೆತದೊಂದಿಗೆ ಸೇರಿಸುವುದು ನ್ಯಾಯವೇ? ಹೆಲಿಕಾಪ್ಟರಿನ ಸದ್ದಿನಲ್ಲಿ ಕೆಳಗಿನವನ ಮಾತು ಮೇಲಿನವನಿಗೆ ಕೇಳಿಸದು. ನಡೆಯುವವನು ಮಾತ್ರ ಬಿಸಿಲಿಗೂ ಸಿಗುತ್ತಾನೆ, ದೂರಿಗೂ ಸಿಗುತ್ತಾನೆ. ಬೇಲಿಯ ಬಳಿ ನಿಂತ ಬಡ ಒಕ್ಕಲಿಗನೊಬ್ಬ ಬೈದರೂ ಅದನ್ನು ಕೇಳಿಸಿಕೊಂಡೇ ಮುಂದಿನ ಮೈಲಿಗೆ ಹೋಗಬೇಕು. ಜನರು ಅವನನ್ನು ಕಾಣುವಷ್ಟೇ ಅವನೂ ಜನರನ್ನು ಕಾಣುತ್ತಾನೆ. ತೋರಿಸಿಕೊಳ್ಳುವ ಕ್ರಿಯೆಯೊಂದು ಕಲಿಯುವ ಕ್ರಿಯೆಯೂ ಆಗುವುದಾದರೆ, ಅದರ ಹಿಂದಿನ ಆಸೆಯನ್ನು ಕ್ಷಮಿಸಬಹುದೆಂದು ನನ್ನ ಅಭಿಪ್ರಾಯ. ಇದನ್ನು ಒಪ್ಪದವರಿದ್ದಾರೆ. ಸಂಕಲ್ಪವು ಕಲುಷಿತವಾದ ಮೇಲೆ ಫಲದ ಮಾತೇಕೆ ಎಂದು ಅವರು ಕೇಳುತ್ತಾರೆ. ಅವರ ಪ್ರಶ್ನೆ ಹಗುರವಾದುದಲ್ಲ.

ಮುಂದಿನ ಕಥೆ ಅವರ ಪಕ್ಷಕ್ಕೆ ಬಲ ಕೊಡುತ್ತದೆ. ಚೈಲ್ಸರ ಗೆಲುವನ್ನು ಕಂಡವರು ನಡಿಗೆಯನ್ನು ಉಪಾಯವಾಗಿ ಎತ್ತಿಕೊಂಡರು. ಇಲಿನಾಯ್ ರಾಜ್ಯದ ಡ್ಯಾನ್ ವಾಕರ್ 1971ರಲ್ಲಿ 1,197 ಮೈಲಿ ನಡೆದು, ಮರುವರ್ಷದ ಪ್ರಾಥಮಿಕ ಚುನಾವಣೆಯಲ್ಲಿ ಪಕ್ಷದ ಬಲಿಷ್ಠ ಯಂತ್ರದ ಬೆಂಬಲವಿದ್ದ ಪಾಲ್ ಸೈಮನ್ ಅವರನ್ನು ಸೋಲಿಸಿ ಗವರ್ನರಾದರು. ಅಧಿಕಾರ ಹೋಗಿ ಹತ್ತು ವರ್ಷಗಳ ಮೇಲೆ, 1987ರಲ್ಲಿ, ಬ್ಯಾಂಕ್ ವಂಚನೆಯ ತಪ್ಪನ್ನು ಒಪ್ಪಿಕೊಂಡರು, ಆಮೇಲೆ ಸೆರೆಮನೆ ಸೇರಿದರು. ಆ ತಪ್ಪಿಗೂ ಆ ನಡಿಗೆಗೂ ಸಂಬಂಧವಿಲ್ಲ, ನಿಜ. ಆದರೆ ನಡಿಗೆಯನ್ನು ಕಂಡು ಮನುಷ್ಯನನ್ನೇ ಕಂಡೆವೆಂದು ತಿಳಿದ ಮತದಾರರ ಲೆಕ್ಕವೆಲ್ಲಿ ಹೋಯಿತು? ಟೆನೆಸೀ ರಾಜ್ಯದ ಲಮಾರ್ ಅಲೆಕ್ಸಾಂಡರ್ 1974ರಲ್ಲಿ ಸೋತು, 1978ರಲ್ಲಿ ಕೆಂಪು ಕಪ್ಪು ಚೌಕುಳಿಯ ಅಂಗಿ ತೊಟ್ಟು ಸಾವಿರ ಮೈಲಿ ನಡೆದು ಗವರ್ನರಾದರು. 1996ರಲ್ಲಿ ರಾಷ್ಟ್ರಾಧ್ಯಕ್ಷ ಪದವಿಯ ಪ್ರಾಥಮಿಕ ಚುನಾವಣೆಗಳಿಗೆ ಬಂದಾಗ ಅದೇ ಅಂಗಿ ಮತ್ತೆ ಹೊರಬಂದಿತು. ನ್ಯೂ ಹ್ಯಾಂಪ್‌ಶೈರಿನಲ್ಲಿ ದೊರೆತದ್ದು ಮೂರನೆಯ ಸ್ಥಾನ. ಅಷ್ಟು ಹೊತ್ತಿಗೆ ಅಂಗಿಯು ನಡಿಗೆಯ ನೆನಪಾಗಿರದೆ ವೇಷವಾಗಿತ್ತು.

ಚೈಲ್ಸರ ಕಡೆಗೆ ಮರಳುತ್ತೇನೆ, ಏಕೆಂದರೆ ಅವರ ಮೇಲಿನ ನನ್ನ ಗೌರವ ಇಳಿದಿಲ್ಲ. 1990ರಲ್ಲಿ ಗವರ್ನರ್ ಪದವಿಗೆ ನಿಂತಾಗ ಯಾರಿಂದಲೂ 100 ಡಾಲರಿಗಿಂತ ಹೆಚ್ಚು ದೇಣಿಗೆಯನ್ನು ಪಡೆಯೆನೆಂದು ತಮಗೆ ತಾವೇ ಮಿತಿ ಹಾಕಿಕೊಂಡು, ಅದರಂತೆಯೇ ನಡೆದು ಗೆದ್ದರು. ಆದರೆ 1994ರ ಸಾರ್ವತ್ರಿಕ ಚುನಾವಣೆಯ ಕೊನೆಯ ದಿನಗಳಲ್ಲಿ ಸಾವಿರಾರು ವೃದ್ಧ ಮತದಾರರಿಗೆ, ಕರೆಮಾಡುವವರು ಯಾರೆಂಬುದನ್ನು ಮರೆಮಾಚಿ, ಎದುರಾಳಿ ಜೆಬ್ ಬುಷ್ ಅವರನ್ನು ದೂಷಿಸುವ ದೂರವಾಣಿ ಕರೆಗಳು ಹೋದವು. ಅವು ಚೈಲ್ಸರ ಪ್ರಚಾರ ಕಚೇರಿಯ ಕೆಲಸವೆಂಬುದು 1995ರಲ್ಲಿ ಹೊರಬಿದ್ದಿತು. ಶಾಸನಸಭೆಯ ವಿಚಾರಣೆಯಲ್ಲಿ ಚೈಲ್ಸ್ ತಮಗೆ ಅದು ತಿಳಿದಿರಲಿಲ್ಲವೆಂದು ಹೇಳಿ ಕ್ಷಮೆ ಕೋರಿದರು. ಆ ಮಾತನ್ನು ನಾನು ನಂಬುತ್ತೇನೆ. 1970ರಲ್ಲಿ ನಡೆದದ್ದು ಅವರದೇ ಕಾಲು. 1994ರಲ್ಲಿ ಅವರ ಪರವಾಗಿ ಮಾತನಾಡಿದ್ದು ಬೇರೆಯವರ ಬಾಯಿ. ಆ ಕರೆಗಳನ್ನು ಕೇಳಿ ಮನಸ್ಸು ಬದಲಿಸಿದ ವೃದ್ಧರೆಷ್ಟು ಮಂದಿಯೆಂದು ಎಣಿಸುವ ಬಗೆಯಿಲ್ಲ. ಅವರು ಗೆದ್ದ ಅಂತರ ಸುಮಾರು 64,000 ಮತಗಳು.