ತಪಸ್ಸುಕಾಲದ ದಯೆ

ಕ್ರೈಸ್ತರು ಪಾಸ್ಕ ಹಬ್ಬಕ್ಕೆ ಮುಂಚಿನ ನಾಲ್ವತ್ತು ದಿನಗಳನ್ನು ತಪಸ್ಸುಕಾಲವೆಂದು ಆಚರಿಸುವರು. ಉಪವಾಸ, ಪ್ರಾರ್ಥನೆ, ದಾನಧರ್ಮ ಎಂಬ ಮೂರು ಈ ಕಾಲದ ಮುಖ್ಯ ವ್ರತಗಳು. ಹಸಿವನ್ನು ಸಹಿಸುವುದಕ್ಕೆ ದೇಹಬಲ ಸಾಕು. ದಾನಮಾಡುವುದಕ್ಕೆ ಧನವಿದ್ದರೆ ಸಾಕು. ತನಗೆ ಕೇಡು ಮಾಡಿದವನಲ್ಲಿ ದಯೆ ತೋರುವುದು ಇವೆರಡಕ್ಕಿಂತಲೂ ಕಷ್ಟವಾದುದು. ಉಪವಾಸಕ್ಕೂ ಈ ದಯೆಗೂ ಇರುವ ಸಂಬಂಧವೇನು?

ಕ್ರಿ. ಶ. 387ರಲ್ಲಿ ಸಿರಿಯಾ ದೇಶದ ಅಂತಿಯೋಕ್ಯ ನಗರಕ್ಕೆ ಈ ಪ್ರಶ್ನೆಯು ಪ್ರಾಣಸಂಕಟದ ರೂಪದಲ್ಲಿ ಬಂದೊದಗಿತು. ಹೊಸ ತೆರಿಗೆಯಿಂದ ಕೆರಳಿದ ಜನರು ರೋಮನ್ ಚಕ್ರವರ್ತಿ ಥಿಯೊಡೋಸಿಯಸನ ಮತ್ತು ಅವನ ಕುಟುಂಬದವರ ಪ್ರತಿಮೆಗಳನ್ನು ಕೆಡಹಿದರು. ರೋಷವಿಳಿದೊಡನೆ ಭಯವು ಆವರಿಸಿತು. ಅಧಿಕಾರಿಗಳು ಕೆಲವರನ್ನು ಆಗಲೇ ಮರಣದಂಡನೆಗೆ ಗುರಿಮಾಡಿದರು. ವೃದ್ಧನಾದ ಬಿಷಪ್ ಫ್ಲೇವಿಯನನು ಮರಣಶಯ್ಯೆಯಲ್ಲಿದ್ದ ಸೋದರಿಯನ್ನು ಬಿಟ್ಟು, ಕ್ಷಮೆಯನ್ನು ಬೇಡಲು ಕಾನ್‌ಸ್ಟಾಂಟಿನೋಪಲಿಗೆ ಹೊರಟನು. ಊರಿನಲ್ಲಿ ಉಳಿದ ಪಾದ್ರಿ ಯೋಹಾನ ಕ್ರಿಸೋಸ್ಟಮನು ಆ ತಪಸ್ಸುಕಾಲದುದ್ದಕ್ಕೂ ನಡುಗುವ ಜನರಿಗೆ ಉಪದೇಶ ಮಾಡಿದನು. ಅವನು ಅವರನ್ನು ಸಂತೈಸಿದ್ದಲ್ಲದೆ, ಮಾಂಸವನ್ನು ತೊರೆದಂತೆ ಪರನಿಂದೆಯನ್ನೂ ನೆರೆಯವನ ಮೇಲಣ ಹಗೆಯನ್ನೂ ತೊರೆಯಬೇಕೆಂದು ಬೋಧಿಸಿದನು. ಅರಸನಿಂದ ಕ್ಷಮೆಯನ್ನು ಬಯಸುವವನು ನೆರೆಯವನಿಗೆ ಅದನ್ನು ಕೊಡಲೊಲ್ಲದಿದ್ದರೆ, ಅವನು ಬೇಡುವುದು ದಯೆಯನ್ನಲ್ಲ, ತನ್ನ ಅನುಕೂಲವನ್ನಷ್ಟೆ.

ಚಕ್ರವರ್ತಿಯು ನಗರವನ್ನು ಕ್ಷಮಿಸಿದನು. ಪಾಸ್ಕದ ವೇಳೆಗೆ ಫ್ಲೇವಿಯನನು ಹಿಂದಿರುಗಿದನು. ಆದರೆ 390ರಲ್ಲಿ ಥೆಸಲೊನೀಕದ ಜನರು ಒಬ್ಬ ಸೇನಾಧಿಪತಿಯನ್ನು ಕೊಂದಾಗ, ಅದೇ ಥಿಯೊಡೋಸಿಯಸನ ಕೋಪಕ್ಕೆ ಅಪರಾಧಿ ನಿರಪರಾಧಿಯೆಂಬ ವಿವೇಚನೆಯಿಲ್ಲದೆ ಬಹು ಮಂದಿ ಬಲಿಯಾದರು. ಮಿಲಾನಿನ ಬಿಷಪ್ ಆಂಬ್ರೋಸನ ಮಾತಿಗೆ ಮಣಿದು ಅವನು ಬಹಿರಂಗವಾಗಿ ಪ್ರಾಯಶ್ಚಿತ್ತ ಮಾಡಿಕೊಂಡನು. ಸತ್ತವರು ಮಾತ್ರ ಮರಳಲಿಲ್ಲ.

ಒಬ್ಬನೇ ಮನುಷ್ಯನು ಮೂರು ವರ್ಷಗಳ ಅಂತರದಲ್ಲಿ ಹೀಗೆ ಇಬ್ಬರಾದುದೇಕೆ? ಮೊದಲನೆಯ ಸಲ ಅವನ ಕೋಪಕ್ಕೂ ಆಜ್ಞೆಗೂ ನಡುವೆ ಕೆಲವು ವಾರಗಳ ಕಾಲವೂ, ಬೇಡುವ ಒಬ್ಬ ಮುದುಕನೂ ಇದ್ದರು. ಎರಡನೆಯ ಸಲ ಕೋಪವನ್ನು ತಡೆದು ನಿಲ್ಲಿಸುವ ಅಂತಹ ಬಿಡುವು ದೊರೆಯಲಿಲ್ಲ. ಒಮ್ಮೆ ಕ್ಷಮಿಸಿದವನು ಎಂದೆಂದಿಗೂ ದಯಾಳುವಾಗಿಯೇ ಉಳಿಯುವನೆಂದು ನಂಬುವಂತಿಲ್ಲ. ಆದುದರಿಂದಲೇ ದಯೆಗೂ ಪ್ರತಿವರ್ಷದ ಅಭ್ಯಾಸವು ಬೇಕು.

ಉಪವಾಸಕ್ಕೂ ದಯೆಗೂ ಇರುವ ಸಂಬಂಧವು ಇಲ್ಲಿಯೇ ಕಾಣುತ್ತದೆ. ಹಸಿದಿರುವಾಗ ಅನ್ನದ ಕಡೆಗೆ ಹೋಗುವ ಕೈಯನ್ನು ತಡೆದವನು, ಕೋಪ ಬಂದಾಗ ಮೇಲೇಳುವ ಕೈಯನ್ನೂ ತಡೆಯಲು ಕಲಿಯಬೇಕು. ಮನೆಯ ಆಳು ತಪ್ಪುಮಾಡಿದಾಗ, ಸಾಲಗಾರನು ಗಡುವು ಕೇಳಿದಾಗ, ದಾಯಾದಿಯು ಬಾಗಿಲಿಗೆ ಬಂದಾಗ ಆ ಕಲಿಕೆಯ ಪರೀಕ್ಷೆಯಾಗುವುದು.