ಮುದ್ರೆಯ ಮೇಲೊಂದು ಮುದ್ರೆ

ಒಬ್ಬನ ಮಾತಿಗೆ ಇನ್ನೊಬ್ಬನ ಸಾಕ್ಷಿ ಬೇಕಾಗುವುದು ಲೋಕದ ರೂಢಿ. ಆ ಸಾಕ್ಷಿಯನ್ನು ನಂಬಲು ಮತ್ತೊಬ್ಬ ಸಾಕ್ಷಿ ಬೇಕೆಂದರೆ, ಆ ಮತ್ತೊಬ್ಬನಿಗೆ ಇನ್ನೂ ಒಬ್ಬನು ಬೇಕಾಗುತ್ತಾನೆ. ಹೀಗೆ ಕೊನೆಯಿಲ್ಲದೆ ಬೆಳೆಯುವುದನ್ನು ನಮ್ಮ ತಾರ್ಕಿಕರು ಅನವಸ್ಥೆ ಎಂದು ಕರೆದು ದೋಷಗಳ ಸಾಲಿಗೆ ಸೇರಿಸಿದರು. ತಾರ್ಕಿಕರು ದೋಷವೆಂದುದನ್ನು ಸರ್ಕಾರಗಳು ಪದ್ಧತಿಯನ್ನಾಗಿ ಮಾಡಿಕೊಂಡಿವೆ. ಕಾಗದವೊಂದು ದೇಶದ ಗಡಿ ದಾಟಬೇಕಾದರೆ ಅದರ ಮೇಲೆ ಮುದ್ರೆ ಬೀಳಬೇಕು. ಆ ಮುದ್ರೆ ನಿಜವಾದುದೆಂದು ಹೇಳಲು ಇನ್ನೊಂದು ಮುದ್ರೆ ಬೀಳಬೇಕು.

ಮಹಾಲಕ್ಷ್ಮಿ ಲೇಔಟಿನಂಥ ನಮ್ಮ ಬಡಾವಣೆಗಳಲ್ಲಿ ಇದರ ಅನುಭವ ಹಲವರಿಗೆ ಉಂಟು. ಮಗ ಹೊರದೇಶದಲ್ಲಿ ನೆಲೆಸಿದ್ದಾನೆ. ಮಗಳು ಅಲ್ಲಿ ಓದಲು ಹೊರಟಿದ್ದಾಳೆ. ಜನನಪತ್ರ, ವಿವಾಹಪತ್ರ, ಅಂಕಪಟ್ಟಿಗಳ ಕಟ್ಟು ಬೀರುವಿನಿಂದ ಹೊರಬೀಳುತ್ತದೆ. ಒಂದರಲ್ಲಿ ಹೆಸರಿನ ಹಿಂದೆ ಊರಿನ ಮೊದಲಕ್ಷರ, ಇನ್ನೊಂದರಲ್ಲಿ ತಂದೆಯ ಮೊದಲಕ್ಷರ, ಮತ್ತೊಂದರಲ್ಲಿ ಯಾವುದೂ ಇಲ್ಲ. ಹೊರದೇಶದ ನಮೂನೆಯಾದರೋ ಮನೆತನದ ಹೆಸರನ್ನು ಕೇಳುತ್ತದೆ. ಈ ಮೂವರೂ ಒಬ್ಬನೇ ಎಂದು ಅಫಿಡವಿಟ್ ಬರೆಸಿ, ನೋಟರಿಯ ಮುಂದೆ ಪ್ರಮಾಣ ಮಾಡಿ, ರುಜು ಹಾಕಬೇಕಾಗುತ್ತದೆ. 1952ರ ನೋಟರಿ ಕಾಯಿದೆಯ ಮೇರೆಗೆ ನೇಮಕಗೊಂಡ ಅವರು ತಮ್ಮ ರುಜುವನ್ನೂ ಮೊಹರನ್ನೂ ಒತ್ತುತ್ತಾರೆ. ಆ ರುಜು ನೋಟರಿಯದೇ ಎಂದು ರಾಜ್ಯ ಸರ್ಕಾರದ ಅಧಿಕಾರಿ ಹೇಳಬೇಕು. ಆ ಅಧಿಕಾರಿಯ ರುಜು ಸರಿಯೆಂದು ವಿದೇಶಾಂಗ ಸಚಿವಾಲಯ ಹೇಳಬೇಕು.

ಹಿಂದೆ ಈ ಸರಪಳಿ ಇನ್ನೂ ಉದ್ದವಾಗಿತ್ತು. ಹೋಗುವ ದೇಶದ ರಾಯಭಾರ ಕಚೇರಿಯೂ ಮುದ್ರೆ ಒತ್ತಬೇಕಾಗಿತ್ತು. ಅದನ್ನು ಮೊಟಕು ಮಾಡಲೆಂದೇ 1961ರ ಅಕ್ಟೋಬರ್ 5ರಂದು ಹೇಗ್ ನಗರದಲ್ಲಿ ಒಂದು ಒಪ್ಪಂದವಾಯಿತು. ಭಾರತದ ಮಟ್ಟಿಗೆ ಅದು ಜಾರಿಗೆ ಬಂದುದು 2005ರ ಜುಲೈ 14ರಿಂದ. ಒಪ್ಪಂದಕ್ಕೆ ಸೇರಿದ ದೇಶಗಳ ನಡುವೆ ‘ಅಪಾಸ್ಟಿಲ್’ ಎಂಬ ಒಂದು ಚೌಕ ಚೀಟಿ ಸಾಕು. ಸೇರದ ದೇಶಗಳಿಗೆ ಹೋಗುವ ಕಾಗದಕ್ಕೆ ಈಗಲೂ ರಾಯಭಾರ ಕಚೇರಿಯ ಬಾಗಿಲು ತಪ್ಪಿದ್ದಲ್ಲ.

ಆ ಚೀಟಿಯಲ್ಲಿ ಹತ್ತು ಬಾಬುಗಳಿರುತ್ತವೆ. ರುಜು ಯಾರದು, ಅವರು ಯಾವ ಅಧಿಕಾರದಿಂದ ಹಾಕಿದರು, ಮೊಹರು ಯಾವ ಕಚೇರಿಯದು—ಅದು ಖಾತ್ರಿ ಕೊಡುವುದು ಇಷ್ಟಕ್ಕೇ. ಕಾಗದದೊಳಗಿನ ಸಂಗತಿ ನಿಜವೇ ಎಂಬ ಪ್ರಶ್ನೆಗೆ ಅದು ಬಾಯಿ ಬಿಡುವುದಿಲ್ಲ. ವಾಚಕರು ಇದನ್ನು ಚೆನ್ನಾಗಿ ಗಮನಿಸಬೇಕು. ಮೇಲಿನ ಮುದ್ರೆ ಕೆಳಗಿನ ಮುದ್ರೆಗೆ ಸಾಕ್ಷಿ, ಸತ್ಯಕ್ಕೆ ಅಲ್ಲ. ಸರಪಳಿ ಎಷ್ಟು ಉದ್ದವಾದರೂ ಒಳಗಿನ ಮಾತಿಗೆ ಒಂದು ಗುಲಗಂಜಿಯಷ್ಟೂ ತೂಕ ಹೆಚ್ಚುವುದಿಲ್ಲ.

ನಮ್ಮ ಹಿರಿಯರ ಜನ್ಮದಿನದ ವಿಚಾರವನ್ನೇ ತೆಗೆದುಕೊಳ್ಳೋಣ. ಹಳ್ಳಿಯ ಹುಡುಗನನ್ನು ಶಾಲೆಗೆ ಸೇರಿಸಲು ಕರೆತಂದಾಗ, ತಲೆಯ ಮೇಲಿಂದ ಕೈ ಹಾಯಿಸಿ ಆ ಕಡೆಯ ಕಿವಿ ಮುಟ್ಟಿಸಿ, ಮುಟ್ಟಿದರೆ ವಯಸ್ಸಾಯಿತೆಂದು ಹೆಡ್‌ಮಾಸ್ತರು ಯಾವುದೋ ತಾರೀಕನ್ನು ಬರೆದುಕೊಳ್ಳುತ್ತಿದ್ದರು. ತಾಯಿಗೆ ನೆನಪಿದ್ದುದು ಮಳೆಯ ನಕ್ಷತ್ರ, ಊರ ಜಾತ್ರೆ, ತಾರೀಕಲ್ಲ. ಆ ಊಹೆಯ ತಾರೀಕು ಎಸ್‌ಎಸ್‌ಎಲ್‌ಸಿ ಪತ್ರಕ್ಕೆ ಏರಿತು. ನೌಕರಿಯ ದಾಖಲೆಗೆ ಏರಿತು. ಈಗ ಮಗನ ಬಳಿಗೆ ಹೋಗುವ ಮುದುಕರ ಅಫಿಡವಿಟ್ಟಿನ ಮೂಲಕ ಕಡಲಾಚೆಗೂ ಹೊರಟಿದೆ. ಮುದ್ರೆಗಳೆಲ್ಲ ಅಸಲು, ತಾರೀಕು ಮಾತ್ರ ಊಹೆ. ಇಲ್ಲಿ ಸುಳ್ಳು ಹೇಳಿದವರು ಯಾರು? ಹೆಡ್‌ಮಾಸ್ತರು ಯಾರನ್ನೂ ವಂಚಿಸಲಿಲ್ಲ. ಆದರೆ ಇಂದು ಪ್ರಮಾಣ ಮಾಡುವವರು ‘ನಾನು ಹುಟ್ಟಿದುದು ಈ ದಿನ’ ಎನ್ನುವುದಕ್ಕೂ, ‘ಶಾಲಾ ದಾಖಲೆಯಂತೆ ನನ್ನ ಜನ್ಮದಿನ ಇದು’ ಎನ್ನುವುದಕ್ಕೂ ಅಂತರವುಂಟು. ಒಂದು ಪದ ಸೇರಿದರೆ ಮಾತು ಸತ್ಯದ ಪಕ್ಕಕ್ಕೆ ಬರುತ್ತದೆ. ಆ ಪದವನ್ನು ಸೇರಿಸುವ ಶಕ್ತಿ ಸಚಿವಾಲಯಕ್ಕಿಲ್ಲ. ರುಜು ಹಾಕುವವನಿಗೆ ಮಾತ್ರ ಇದೆ.

ಮೊಹರು ಸತ್ಯವಲ್ಲವೆಂಬುದನ್ನು ಕನ್ನಡ ನಾಡು ಬಹು ಹಿಂದೆಯೇ ಕಂಡಿದೆ. ರಾಜರ ತಾಮ್ರಪಟಗಳನ್ನು ಬಳೆಯಲ್ಲಿ ಪೋಣಿಸಿ ಲಾಂಛನದ ಮುದ್ರೆ ಒತ್ತುತ್ತಿದ್ದರು. ಗಂಗರದು ಆನೆ, ಚಾಲುಕ್ಯರದು ವರಾಹ. ಹಾಗಿದ್ದೂ ಭೂಮಿಯ ಆಸೆಗೆ ಹುಸಿ ಪಟಗಳನ್ನು ಬರೆಸಿದವರುಂಟು. ಅವನ್ನು ವಿದ್ವಾಂಸರು ಕೂಟಶಾಸನಗಳೆನ್ನುತ್ತಾರೆ. ಗಂಗರ ಪಟಗಳಲ್ಲಿ ಹಲವು ಕೂಟವೆಂದು ಫ್ಲೀಟ್ ಅವರು ವಾದಿಸಿದರು. ರೈಸ್ ಅವರು ಅದನ್ನು ಒಪ್ಪಲಿಲ್ಲ. ಆ ವಾದ ನಡೆದುದು ಮುದ್ರೆಯನ್ನು ನೋಡಿಯಷ್ಟೇ ಅಲ್ಲ. ಲಿಪಿ, ಭಾಷೆ, ತಿಥಿವಾರಗಳನ್ನು, ಎಂದರೆ ಒಳಗಿನ ಮಾತನ್ನೇ ಪರೀಕ್ಷಿಸಿ. ದಾನವನ್ನು ಕೆಡಿಸಿದವನಿಗೆ ನರಕವೆಂಬ ಶಾಪ ಹುಸಿ ಪಟಗಳಲ್ಲಿಯೂ ಇರುತ್ತದೆ ಎಂಬುದು ವಿನೋದವೂ ಹೌದು, ವಿಷಾದವೂ ಹೌದು.

ಹಾಗಾದರೆ ಮುದ್ರೆ ಬೇಡವೆ? ಬೇಕು. ನಮ್ಮನ್ನು ಕಂಡರಿಯದ ದೂರದ ಅಧಿಕಾರಿಗೆ ನಮ್ಮ ಮುಖವನ್ನು ನೋಡಿ ನಂಬು ಎನ್ನಲಾಗದು. ಹುಸಿ ಅಂಕಪಟ್ಟಿಯನ್ನು ಕೊಂಡು ಹೋದವನ ಪಾಪದ ಫಲವನ್ನು, ರಾತ್ರಿಯೆಲ್ಲ ಓದಿ ತೇರ್ಗಡೆಯಾದ ಹುಡುಗಿ ಅಲೆದಾಟದಲ್ಲಿಯೂ ಶುಲ್ಕದಲ್ಲಿಯೂ ತೆರುತ್ತಿದ್ದಾಳೆ. ಒಬ್ಬನ ಸುಳ್ಳು ಎಲ್ಲರ ಮೇಲಿನ ತೆರಿಗೆ.

ಮಹಾಲಕ್ಷ್ಮಿ ಲೇಔಟಿನಲ್ಲಿ ಬಂಡೆಯಲ್ಲಿ ಕಡೆದ ಪ್ರಸನ್ನ ವೀರಾಂಜನೇಯನ ದೊಡ್ಡ ವಿಗ್ರಹವಿದೆ. ಮುದ್ರೆಯನ್ನು ಹಿಡಿದು ಕಡಲಾಚೆಗೆ ಹೋದವರಲ್ಲಿ ಅವನೇ ಹಿರಿಯನಲ್ಲವೆ? ಆದರೆ ವಾಲ್ಮೀಕಿ ರಾಮಾಯಣದಲ್ಲಿ ಸೀತೆ ನಂಬಿದುದು ಉಂಗುರವನ್ನು ಕಂಡ ಮೇಲಲ್ಲ. ಬಂದವನು ವೇಷ ಹಾಕಿದ ರಾವಣನೇ ಇರಬಹುದೆಂದು ಶಂಕಿಸಿ, ರಾಮನ ಲಕ್ಷಣಗಳನ್ನು ಹೇಳೆಂದಳು. ನರರಿಗೂ ವಾನರರಿಗೂ ಸ್ನೇಹ ಹೇಗಾಯಿತೆಂದು ಕೇಳಿದಳು. ಅವನು ಎಲ್ಲವನ್ನೂ ಹೇಳಿದ. ಅವಳ ಶಂಕೆ ಕರಗಿತು. ಆ ಬಳಿಕ ಉಂಗುರ ಹೊರಬಂದಿತು. ಉಂಗುರ ನಂಬಿಕೆಯನ್ನು ಹುಟ್ಟಿಸಲಿಲ್ಲ. ಹುಟ್ಟಿದ ನಂಬಿಕೆಗೆ ಗಟ್ಟಿತನ ಕೊಟ್ಟಿತು. ಕಚೇರಿಗಳಲ್ಲಿ ಉಂಗುರವೇ ಮೊದಲು; ಮಾತನ್ನು ಕೇಳುವವರಿಲ್ಲ.

ಆದುದರಿಂದ ಈ ಸರಪಳಿಯಲ್ಲಿ ನೀತಿಯ ಭಾರವೆಲ್ಲ ಮೊದಲ ಕೊಂಡಿಯ ಮೇಲೆ ಬೀಳುತ್ತದೆ. ಒಬ್ಬನು ಪ್ರಮಾಣ ಮಾಡುತ್ತಾನೆ. ಇನ್ನೊಬ್ಬನು ಎದುರಿಗೆ ಕುಳಿತು ಅವನ ಮುಖವನ್ನು ನೋಡುತ್ತಾನೆ. ಇಡೀ ವ್ಯವಹಾರದಲ್ಲಿ ಮನುಷ್ಯನನ್ನು ಮನುಷ್ಯ ಕಾಣುವ ಜಾಗ ಅದೊಂದೇ. ಆಮೇಲೆ ಕಾಗದ ಕಾಗದವನ್ನು ಕಾಣುತ್ತದೆ. ರುಜು ಹಾಕುವವನು ಓದದೆ ರುಜು ಹಾಕಿ, ಮೊಹರು ಒತ್ತುವವನು ತಲೆ ಎತ್ತದೆ ಒತ್ತಿದರೆ, ಮೇಲಿನ ಮುದ್ರೆಗಳೆಲ್ಲ ಆ ಅಲಕ್ಷ್ಯಕ್ಕೇ ಸಾಕ್ಷಿಯಾಗುತ್ತವೆ. ತಾರ್ಕಿಕರ ಅನವಸ್ಥೆಗೆ ನೀತಿಯಲ್ಲಿ ಒಂದು ನಿಲುಗಡೆ ಉಂಟು: ಯಾರೂ ಪರೀಕ್ಷಿಸಲಾರರೆಂದು ತಿಳಿದೂ ನಿಜವನ್ನೇ ಬರೆದವನಲ್ಲಿ ಅದು ನಿಲ್ಲುತ್ತದೆ. ಮುಂದಿನ ಸಲ ನೋಟರಿಯವರ ಮೇಜಿನ ಮುಂದೆ ಲೇಖನಿ ಹಿಡಿದಾಗ, ಸಾಲು ಎಷ್ಟೇ ಉದ್ದವಿರಲಿ, ಬರೆದುದನ್ನು ಒಮ್ಮೆ ಓದಿ ನೋಡುವಷ್ಟು ವ್ಯವಧಾನ ನಮಗಿರಲಿ.